ಮೋಟಾರು ಕೂಗುತ್ತದೆ, ಬೋಟು ಓಡುವುದಿಲ್ಲ: ಔಟ್‌ಬೋರ್ಡ್ ಮೋಟಾರಿನ ಎತ್ತರದ ದೋಷವನ್ನು ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಮೋಟಾರಿನ ಥ್ರಾಟಲನ್ನು, ಅಂದರೆ ವೇಗದ ಹಿಡಿಯನ್ನು, ಪೂರ್ತಿ ತೆರೆದಾಗ ಸದ್ದು ಏರುತ್ತದೆ, ಆದರೆ ಬೋಟಿನ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಅಥವಾ ಇದಕ್ಕೆ ತದ್ವಿರುದ್ಧವಾಗಿ ಮೋಟಾರು ಭಾರ ಹೊತ್ತಂತೆ ಏದುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ, ನೀರಿನೊಳಕ್ಕೆ ಇಳಿದಿರುವ ಮೋಟಾರಿನ ಕಾಲಿನ ಸುತ್ತ ನೀರು ಎತ್ತರಕ್ಕೆ ಚಿಮ್ಮುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಾಗಲಿ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಲ್ಲಾಗಲಿ, ಹರಿಹರ, ಹೊನ್ನಾಳಿಗಳ ತುಂಗಭದ್ರೆಯಲ್ಲಾಗಲಿ ಮೋಟಾರು ಬೋಟು ಓಡಿಸುವವರ ದೂರುಗಳನ್ನು ಕೇಳಿದರೆ ಅವು ಬಹುಮಟ್ಟಿಗೆ ಈ ಎರಡರಲ್ಲಿ ಒಂದಾಗಿರುತ್ತವೆ. ಇಂಥ ದೂರು ಬಂದ ಕೂಡಲೇ ಸಾಮಾನ್ಯವಾಗಿ ಕಾರ್ಬುರೇಟರ್ ಬಿಚ್ಚಲಾಗುತ್ತದೆ, ಪ್ಲಗ್ ಬದಲಾಗುತ್ತದೆ, ಕೊನೆಗೆ ಹೊಸ ಪ್ರೊಪೆಲ್ಲರಿಗೆ ಹಣ ಖರ್ಚಾಗುತ್ತದೆ. ಮೋಟಾರನ್ನು ಬೋಟಿಗೆ ಯಾವ ಎತ್ತರದಲ್ಲಿ ಕೂರಿಸಲಾಗಿದೆ ಎಂಬುದನ್ನು ಮಾತ್ರ ಯಾರೂ ಅಳೆದು ನೋಡುವುದಿಲ್ಲ, ಏಕೆಂದರೆ ಮೊದಲ ದಿನ ಕೂರಿಸಿದ ಜಾಗವೇ ಅದರ ಶಾಶ್ವತ ಜಾಗವೆಂದು ಎಲ್ಲರೂ ನಂಬಿರುತ್ತಾರೆ. ಆ ನಂಬಿಕೆ ತಪ್ಪು. ಎತ್ತರವೂ ಹೊಂದಿಸಿಕೊಳ್ಳಬೇಕಾದ ಒಂದು ಅಳತೆಯೇ. ಅದನ್ನು ಹೊಂದಿಸುವ ಮೊದಲು ದೋಷ ನಿಜಕ್ಕೂ ಅಲ್ಲಿಯೇ ಇದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಈ ವಿದ್ಯೆಯನ್ನು ಅತ್ಯಂತ ಸೂಕ್ಷ್ಮವಾಗಿ ಬೆಳೆಸಿದವರು ಅಮೆರಿಕದ ಬಾಸ್ ಬೋಟಿನವರು. ಅಲ್ಲಿನ ಜಲಾಶಯಗಳಲ್ಲಿ ಬಾಸ್ ಎಂಬ ಮೀನನ್ನು ಗಾಳ ಹಾಕಿ ಹಿಡಿಯುವ ಸ್ಪರ್ಧೆಗಳಿಗೆ 1967ರಲ್ಲಿ ರೇ ಸ್ಕಾಟ್ ಎಂಬವರು ಅರ್ಕನ್ಸಾ ರಾಜ್ಯದ ಬೀವರ್ ಲೇಕಿನಲ್ಲಿ ನಡೆಸಿದ ಪಂದ್ಯದಿಂದ ಹೊಸ ಚಾಲನೆ ಸಿಕ್ಕಿತು. ಮೀನಿರುವ ಜಾಗವನ್ನು ಮೊದಲು ತಲುಪಿದವನಿಗೆ ಹೆಚ್ಚು ಹೊತ್ತು ಗಾಳ ಹಾಕುವ ಅವಕಾಶ ಸಿಗುವುದರಿಂದ ಬೋಟಿನ ವೇಗಕ್ಕೆ ಬೆಲೆ ಬಂದಿತು. ಮುಂದೆ ದೊಡ್ಡ ಪಂದ್ಯಗಳಲ್ಲಿ ಮೋಟಾರಿನ ಶಕ್ತಿಗೆ 250 ಅಶ್ವಶಕ್ತಿಯ ಮಿತಿ ಬಿದ್ದಾಗ ವೇಗವನ್ನು ಮೋಟಾರಿನ ಗಾತ್ರದಿಂದ ಪಡೆಯುವ ದಾರಿ ಮುಚ್ಚಿ, ಪ್ರೊಪೆಲ್ಲರಿನ ಆಯ್ಕೆಯಿಂದಲೂ ಮೋಟಾರಿನ ಎತ್ತರದಿಂದಲೂ ಪಡೆಯುವ ದಾರಿಯೊಂದೇ ಉಳಿಯಿತು. ನಮ್ಮ ಕಡೆ ಅಂಥ ಬೋಟುಗಳಿಲ್ಲ. ಹದಿನಾಲ್ಕು, ಹದಿನಾರು ಅಡಿಯ ಫೈಬರ್ ಅಥವಾ ಅಲ್ಯೂಮಿನಿಯಂ ಬೋಟುಗಳಿಗೆ, ನೆರೆಯ ಕಾಲದ ರಬ್ಬರ್ ಬೋಟುಗಳಿಗೆ ಚಿಕ್ಕ ಮೋಟಾರುಗಳಿವೆ. ಆದರೂ ನೀರು ವರ್ತಿಸುವ ರೀತಿ ಎರಡೂ ಕಡೆ ಒಂದೇ ಆದ್ದರಿಂದ ಅವರ ಕ್ರಮ ನಮಗೂ ಹೊಂದುತ್ತದೆ, ಅಂಕಿಗಳು ಮಾತ್ರ ಬದಲಾಗುತ್ತವೆ.

ಅಳೆಯುವುದು ಹೇಗೆ

ಪ್ರೊಪೆಲ್ಲರಿನ ನೆತ್ತಿಯ ಮೇಲೆ ಅಡ್ಡಲಾಗಿ ಚಾಚಿಕೊಂಡಿರುವ ಚಪ್ಪಟೆಯಾದ ಪ್ಲೇಟೊಂದು ಪ್ರತಿ ಔಟ್‌ಬೋರ್ಡ್ ಮೋಟಾರಿನಲ್ಲೂ ಇರುತ್ತದೆ. ನೀರಿನ ಮೇಲ್ಮೈಯ ಗಾಳಿಯನ್ನು ಪ್ರೊಪೆಲ್ಲರು ಕೆಳಗೆ ಎಳೆದುಕೊಳ್ಳದಂತೆ ತಡೆಯುವುದು ಅದರ ಕೆಲಸ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಕ್ಯಾವಿಟೇಷನ್ ಪ್ಲೇಟ್. ಮೋಟಾರಿನ ಎತ್ತರವೆಂದರೆ ಬೋಟಿನ ತಳಕ್ಕೂ ಈ ಪ್ಲೇಟಿಗೂ ನಡುವಿನ ಅಂತರ. ಬೋಟನ್ನು ಟ್ರೈಲರಿನ ಮೇಲೆ ಅಥವಾ ದಿಮ್ಮಿಗಳ ಮೇಲೆ ನಿಲ್ಲಿಸಿ, ಗಾರೆ ಕೆಲಸದವರು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಬೋಟಿನ ತಳದ ನಡುಗೆರೆಗೆ ಒತ್ತಿ ಹಿಡಿದು, ಅದರ ತುದಿ ಹಿಂದಕ್ಕೆ ಪ್ರೊಪೆಲ್ಲರಿನವರೆಗೆ ಚಾಚುವಂತೆ ಮಾಡಬೇಕು. ಬಳಿಕ ಪ್ಲೇಟು ಪಟ್ಟಿಗೆ ಸಮಾನಾಂತರವಾಗುವಂತೆ ಮೋಟಾರಿನ ಓರೆಯನ್ನು ಸರಿಪಡಿಸಿ, ಎರಡರ ನಡುವಿನ ಅಂತರವನ್ನು ಟೇಪಿನಿಂದ ಅಳೆಯಬೇಕು. ರಸಮಟ್ಟವಿದ್ದರೆ ಪಟ್ಟಿಯ ಮೇಲೊಮ್ಮೆ, ಪ್ಲೇಟಿನ ಮೇಲೊಮ್ಮೆ ಇಟ್ಟು ಗುಳ್ಳೆಯ ಜಾಗ ಒಂದೇ ಇದೆಯೇ ಎಂದು ನೋಡಿದರೆ ಸಮಾನಾಂತರದ ಬಗ್ಗೆ ಸಂಶಯ ಉಳಿಯುವುದಿಲ್ಲ.

ಸಾಧಾರಣ ಬೋಟಿಗೆ ಪ್ಲೇಟು ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಒಂದು ಅಂಗುಲದಷ್ಟು ಕೆಳಗೆ ಇರುವುದು ಒಳ್ಳೆಯ ಆರಂಭದ ಸ್ಥಿತಿ. ಅಳೆದಾಗ ಪ್ಲೇಟು ತಳಕ್ಕಿಂತ ನಾಲ್ಕೈದು ಅಂಗುಲ ಕೆಳಗೆ ಅಥವಾ ಮೇಲೆ ಕಂಡರೆ ಅದು ಹೊಂದಾಣಿಕೆಯ ದೋಷವಲ್ಲ, ಮೋಟಾರಿನ ಆಯ್ಕೆಯ ದೋಷ. ಔಟ್‌ಬೋರ್ಡ್ ಮೋಟಾರುಗಳ ಕಾಲು 15, 20 ಮತ್ತು 25 ಅಂಗುಲದ ಅಳತೆಗಳಲ್ಲಿ ಬರುತ್ತದೆ. ಬೋಟಿನ ಹಿಂಬದಿಯಲ್ಲಿ ಮೋಟಾರು ಹೊರುವ ಗೋಡೆಯ, ಅಂದರೆ ಟ್ರಾನ್ಸಮ್ಮಿನ ಎತ್ತರಕ್ಕೆ ಆ ಅಳತೆ ಹೊಂದಬೇಕು. ಕರಾವಳಿಯಲ್ಲಿ ಎತ್ತರದ ದೋಣಿಗೆ ಕಟ್ಟಿದ್ದ 20 ಅಂಗುಲದ ಹಳೆಯ ಮೋಟಾರನ್ನು ಕೊಂಡು ತಂದು ಕೆರೆಯ 15 ಅಂಗುಲದ ತಗ್ಗು ಬೋಟಿಗೆ ಹಾಕಿದರೆ ಐದು ಅಂಗುಲದ ಲೋಹ ಸುಮ್ಮನೆ ನೀರಿನಲ್ಲಿ ಎಳೆದಾಡುತ್ತದೆ. ಅದನ್ನು ಬ್ರ್ಯಾಕೆಟ್ಟಿನ ಬೋಲ್ಟ್ ರಂಧ್ರಗಳಲ್ಲಿ ಒಂದೆರಡು ರಂಧ್ರ ಮೇಲೇರಿಸಿ ಸರಿಪಡಿಸಲು ಸಾಧ್ಯವಿಲ್ಲ.

ಬೋಲ್ಟ್ ಸಡಿಲಿಸುವ ಮೊದಲು

ಎತ್ತರದ ದೋಷದಂತೆಯೇ ಕಾಣಿಸುವ ಬೇರೆ ದೋಷಗಳು ಹಲವಿವೆ, ಅವುಗಳಲ್ಲಿ ಹೆಚ್ಚಿನವನ್ನು ಬಿಡಿಗಾಸಿಲ್ಲದೆ ಪರೀಕ್ಷಿಸಬಹುದು. ಹಾಗಾಗಿ ಈ ಹಂತವನ್ನು ಯಾರೂ ದಾಟಿಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು ಪ್ರೊಪೆಲ್ಲರಿನ ಒಳಗಿನ ರಬ್ಬರ್ ಹಬ್. ಅಲಗುಗಳಿಗೂ ಶಾಫ್ಟಿಗೂ ನಡುವೆ ಇರುವ ಈ ರಬ್ಬರು, ಅಲಗು ಬಂಡೆಗೋ ಬೊಡ್ಡೆಗೋ ಬಡಿದಾಗ ಜಾರಿ ಗೇರುಗಳನ್ನು ಉಳಿಸುತ್ತದೆ. ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ, ದಶಕಗಳ ಕಾಲ ಒಣಗಿದ್ದ ನೆಲವೆಲ್ಲ ಹೊಸದುರ್ಗದ ಕಡೆಯ ಹಿನ್ನೀರಿನ ಅಡಿಗೆ ಹೋಯಿತು. ಅಂಥ ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗೆ ಅಲಗು ತಗಲುವುದು ಆಶ್ಚರ್ಯದ ಮಾತಲ್ಲ. ಒಮ್ಮೆ ಸಡಿಲವಾದ ಹಬ್ ಮೆಲ್ಲಗೆ ಓಡಿಸುವಾಗ ಸುಮ್ಮನಿದ್ದು, ಥ್ರಾಟಲ್ ಕೊಟ್ಟಾಗ ಮಾತ್ರ ಜಾರುತ್ತದೆ. ಆಗ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಹೊಡೆಯುವ ಸುತ್ತು, ಏರುತ್ತದೆ, ವೇಗ ಏರುವುದಿಲ್ಲ. ಮೋಟಾರು ಮೇಲಿದ್ದಾಗ ಕಾಣುವ ಲಕ್ಷಣವೂ ಇದೇ. ಎರಡನ್ನೂ ಬೇರ್ಪಡಿಸಲು ಒಳಗಿನ ಹಬ್ಬಿನಿಂದ ಹೊರಗಿನ ಪ್ರೊಪೆಲ್ಲರಿನವರೆಗೆ ನೇರವಾಗಿ ಬಣ್ಣದ ಒಂದು ಗೆರೆ ಎಳೆದು, ಬೋಟನ್ನು ಪೂರ್ತಿ ಥ್ರಾಟಲಿನಲ್ಲಿ ಓಡಿಸಿ ಬಂದು ನೋಡಬೇಕು. ಗೆರೆ ಮುರಿದು ಎರಡು ತುಂಡು ಬೇರೆ ಬೇರೆ ಕಡೆ ನಿಂತಿದ್ದರೆ ಹಬ್ ಹೋಗಿದೆ. ಎತ್ತರದ ತಂಟೆಗೆ ಹೋಗಬೇಕಾಗಿಲ್ಲ.

ಎರಡನೆಯದು ಪ್ರೊಪೆಲ್ಲರಿನ ಎದುರಿಗೆ ಇರುವ ಅಡೆತಡೆ. ಮೀನು ಹುಡುಕುವ ಸೋನಾರಿನ ಸಂವೇದಕವನ್ನು ಟ್ರಾನ್ಸಮ್ಮಿನಲ್ಲಿ ಪ್ರೊಪೆಲ್ಲರಿಗೆ ಸರಿಯಾಗಿ ಮುಂದೆಯೇ ಕೂರಿಸಿದ್ದರೆ ಅದು ಸೀಳಿದ ನೀರಿನಲ್ಲಿ ಗಾಳಿ ಸೇರಿ ನೇರವಾಗಿ ಅಲಗುಗಳಿಗೆ ಹೋಗುತ್ತದೆ. ಬೋಟಿನ ತಳಕ್ಕೆ ಅಂಟಿದ ಪಾಚಿ, ಕಾಲಿನ ತುದಿಯಲ್ಲಿ ಗೇರುಗಳನ್ನು ಹೊತ್ತಿರುವ ಗೇರ್‌ಕೇಸಿಗೆ ಸುತ್ತಿಕೊಂಡ ಬಲೆಯ ನೂಲು, ಸೂಳೆಕೆರೆಯಂಥ ಹೂಳು ತುಂಬಿದ ಕೆರೆಯ ಅಂಚಿನ ಜೊಂಡು, ಇವೆಲ್ಲವೂ ಇದೇ ಕೆಲಸ ಮಾಡುತ್ತವೆ. ಬೋಟಿನ ಎರಡು ಪದರಗಳ ನಡುವೆ ನೀರು ನಿಂತಿದ್ದರೆ ಹಿಂಭಾಗ ತಗ್ಗಿ ಅಳತೆಗಳೆಲ್ಲ ಸುಳ್ಳಾಗುತ್ತವೆ. ಪರೀಕ್ಷೆಗೆ ಮುನ್ನ ಬಿರಡೆ ತೆಗೆದು ನೀರನ್ನು ಪೂರ್ತಿ ಹರಿಸಬೇಕು.

ಮೂರನೆಯದನ್ನು ನಮ್ಮ ಜಿಲ್ಲೆಗಳವರು ಮರೆಯಲೇಬಾರದು. ಮೋಟಾರಿನ ಮೇಲೆ ಬರೆದಿರುವ ಅಶ್ವಶಕ್ತಿ ಸಮುದ್ರಮಟ್ಟದ ಲೆಕ್ಕ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗುವುದರಿಂದ ಪ್ರತಿ 300 ಮೀಟರಿಗೆ ಸುಮಾರು 3 ಪ್ರತಿಶತ ಶಕ್ತಿ ಇಳಿಯುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ 40 ಅಶ್ವಶಕ್ತಿಯ ಮೋಟಾರಿನಿಂದ 37, 38ಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ, ಬೇಸಿಗೆಯ ಬಿಸಿಗಾಳಿಯಲ್ಲಿ ಇನ್ನೂ ಕಡಿಮೆ. ಕಡಲತೀರದ ಬಳಕೆಗೆ ಆರಿಸಿದ ಪ್ರೊಪೆಲ್ಲರನ್ನೇ ಇಲ್ಲಿ ಉಳಿಸಿಕೊಂಡರೆ ತಯಾರಕರು ಹೇಳಿದ ಗರಿಷ್ಠ ಆರ್‌ಪಿಎಂ ಮುಟ್ಟದೆ ಮೋಟಾರು ಏದುತ್ತದೆ. ಇದಕ್ಕೆ ಮದ್ದು ಎತ್ತರವಲ್ಲ, ಕಡಿಮೆ ಪಿಚ್ಚಿನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ಸಾಗುವ ಪ್ರೊಪೆಲ್ಲರು. ಪಿಚ್ ಒಂದು ಅಂಗುಲ ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ.

ಲಕ್ಷಣಗಳು ಹೇಳುವುದೇನು

ಇವೆಲ್ಲವೂ ಸರಿಯಿದ್ದು ದೂರು ಹಾಗೆಯೇ ಉಳಿದರೆ ಮಾತ್ರ ಎತ್ತರದ ಕಡೆಗೆ ತಿರುಗಬೇಕು. ಮೋಟಾರು ಅತಿಯಾಗಿ ಕೆಳಗಿದ್ದಾಗ ಗೇರ್‌ಕೇಸಿನ ಹೆಚ್ಚಿನ ಭಾಗ ನೀರನ್ನು ಸೀಳಬೇಕಾಗುತ್ತದೆ. ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ (ವೇಗ ಎರಡುಪಟ್ಟಾದರೆ ಎಳೆತ ನಾಲ್ಕುಪಟ್ಟು) ಬೆಳೆಯುವುದರಿಂದ ಮೆಲ್ಲಗೆ ಹೋಗುವಾಗ ಏನೂ ಗೊತ್ತಾಗದೆ, ಬೋಟು ನೀರಿನ ಮೇಲೆದ್ದು ಜಾರತೊಡಗಿದ ಮೇಲೆ ತೊಂದರೆ ಒಮ್ಮೆಲೇ ಎದ್ದು ಕಾಣುತ್ತದೆ. ವೇಗ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ, ಮೋಟಾರಿನ ಕಾಲಿನಿಂದ ನೀರು ಮೇಲಕ್ಕೆ ಸಿಡಿದು ಬೋಟಿನೊಳಗೂ ಬೀಳುತ್ತದೆ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಕೆಲವು ಬೋಟುಗಳು ಮೂತಿಯನ್ನು ಎತ್ತುತ್ತ ಇಳಿಸುತ್ತ ಕುಣಿಯುತ್ತವೆ. ಕುಣಿತವೊಂದನ್ನೇ ನೋಡಿ ತೀರ್ಮಾನಿಸಬಾರದು. ಮೋಟಾರನ್ನು ಹೊರಕ್ಕೆ ಹೆಚ್ಚು ಓರೆ ಮಾಡಿದ್ದರೂ ಹಿಂದುಗಡೆ ಭಾರ ಹೆಚ್ಚಾಗಿದ್ದರೂ ಅದೇ ಆಗುತ್ತದೆ.

ಮೋಟಾರು ಅತಿಯಾಗಿ ಮೇಲಿದ್ದಾಗ ಪ್ರೊಪೆಲ್ಲರು ಮೇಲ್ಮೈಯ ಗಾಳಿಯನ್ನು ಕುಡಿಯುತ್ತದೆ. ಆಗ ಅಲಗಿಗೆ ಹಿಡಿತ ತಪ್ಪಿ, ಕೆಸರುಗದ್ದೆಯಲ್ಲಿ ನಿಂತಲ್ಲೇ ತಿರುಗುವ ಟ್ರ್ಯಾಕ್ಟರಿನ ಗಾಲಿಯಂತೆ ಅದು ಸುತ್ತುತ್ತದೆಯೇ ಹೊರತು ಬೋಟನ್ನು ನೂಕುವುದಿಲ್ಲ. ನಿಂತಲ್ಲಿಂದ ಹೊರಡುವಾಗ ಮತ್ತು ತಿರುವಿನಲ್ಲಿ ಇದು ಮೊದಲು ಕಾಣುತ್ತದೆ. ನೇರ ಓಟದಲ್ಲಿ ಸರಿಯಾಗಿದ್ದು, ತಿರುಗಿಸಿದ ಕ್ಷಣದಲ್ಲಿ ಮಾತ್ರ ಆರ್‌ಪಿಎಂ ಹಾರಿದರೆ ಮೋಟಾರು ಸರಿಯಾದ ಜಾಗಕ್ಕಿಂತ ಸ್ವಲ್ಪವೇ ಮೇಲಿದೆ ಎಂದು ತಿಳಿಯಬಹುದು. ಹೊರಡುವಾಗಲೇ ಹಿಡಿತ ತಪ್ಪುತ್ತಿದ್ದರೆ ಬಹಳ ಮೇಲಿದೆ. ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಮೋಟಾರಿನ ಹಿಂದಿನಿಂದ ಚಿಮ್ಮುವ ಸೂಚಕ ನೀರಿನ ಧಾರೆ ಸಣ್ಣಗಾಗುವುದು ಅಥವಾ ಕಡಿದು ಕಡಿದು ಬರುವುದು. ತಣಿಸುವ ನೀರನ್ನು ಒಳಗೆಳೆಯುವ ಕಿಂಡಿಗಳು ಗೇರ್‌ಕೇಸಿನ ಬದಿಯಲ್ಲಿವೆ, ಅವು ನೀರಿನಿಂದ ಹೊರಬಂದರೆ ಎಂಜಿನ್ ಬೇಯುತ್ತದೆ.

ಕಣ್ಣಿನ ಪರೀಕ್ಷೆಯೂ ಒಂದಿದೆ. ಬೋಟು ಮೇಲೆದ್ದು ಸಮವಾಗಿ ಓಡುತ್ತಿರುವಾಗ ಚಾಲಕ ಮುಂದೆಯೇ ನೋಡುತ್ತಿರಬೇಕು, ಜೊತೆಗಿರುವ ಇನ್ನೊಬ್ಬರು ಹಿಂದಕ್ಕೆ ತಿರುಗಿ ಪ್ಲೇಟನ್ನು ಗಮನಿಸಬೇಕು. ಪ್ಲೇಟು ಕಣ್ಣಿಗೆ ಬೀಳುವಂತಿದ್ದು, ನೀರು ಅದರ ಮೈಯನ್ನು ಸವರಿಕೊಂಡು ಹೋಗುತ್ತಿದ್ದರೆ ಎತ್ತರ ಸರಿಯಿದೆ. ಅದು ನೀರಿನಡಿ ಪೂರ್ತಿ ಮರೆಯಾಗಿದ್ದರೆ ಮೋಟಾರು ಕೆಳಗಿದೆ.

ಲೆಕ್ಕ ಹಾಕಿ ನೋಡುವುದು

ಕಿವಿ ಮತ್ತು ಕಣ್ಣು ಕೊಟ್ಟ ಸೂಚನೆಯನ್ನು ಅಂಕಿಯಿಂದ ಸರಿನೋಡಬೇಕು. ಪ್ರೊಪೆಲ್ಲರಿನ ಪಿಚ್ ಎಂದರೆ ಒಂದು ಸುತ್ತಿಗೆ ಅದು ಜಾರದೆ ಸಾಗಬೇಕಾದ ದೂರ. 13 ಅಂಗುಲ ಪಿಚ್ಚಿನ ಪ್ರೊಪೆಲ್ಲರು, 2ಕ್ಕೆ 1ರ ಗೇರ್ ಅನುಪಾತ, 5500 ಆರ್‌ಪಿಎಂ ಇದ್ದರೆ ಪ್ರೊಪೆಲ್ಲರು ನಿಮಿಷಕ್ಕೆ 2750 ಸುತ್ತು ಹೊಡೆಯುತ್ತದೆ. ನಿಮಿಷಕ್ಕೆ 35,750 ಅಂಗುಲ, ಅಂದರೆ ಸುಮಾರು 908 ಮೀಟರ್, ಗಂಟೆಗೆ ಸುಮಾರು 54 ಕಿಲೋಮೀಟರ್. ಮೊಬೈಲಿನ ಜಿಪಿಎಸ್ ಅದೇ ಹೊತ್ತಿಗೆ 46 ಕಿಲೋಮೀಟರ್ ತೋರಿಸಿದರೆ ಜಾರಿಕೆ ಸುಮಾರು 15 ಪ್ರತಿಶತವಾಯಿತು. ವೇಗದ ಬಾಸ್ ಬೋಟುಗಳಲ್ಲಿ 10ರ ಆಸುಪಾಸು, ನಮ್ಮಂಥ ಕೆಲಸದ ಬೋಟುಗಳಲ್ಲಿ 15ರಿಂದ 25 ಪ್ರತಿಶತದವರೆಗೆ ಜಾರಿಕೆ ಸಹಜ. ಅದು 30 ದಾಟಿದರೆ ಪ್ರೊಪೆಲ್ಲರು ಗಾಳಿ ಕುಡಿಯುತ್ತಿದೆ ಅಥವಾ ಅಲಗು ಬಾಗಿದೆ. ಜಾರಿಕೆ ಸಹಜವಾಗಿಯೇ ಇದ್ದು ಆರ್‌ಪಿಎಂ ಮಾತ್ರ ಏರದಿದ್ದರೆ, ಪ್ರೊಪೆಲ್ಲರಿನ ಪಿಚ್ ಮೋಟಾರಿಗೆ ತಕ್ಕದ್ದೇ ಆಗಿರುವ ಪಕ್ಷದಲ್ಲಿ, ಎಳೆತ ಹೆಚ್ಚಾಗಿದೆ, ಮೋಟಾರನ್ನು ಏರಿಸಬಹುದು.

ಪರೀಕ್ಷೆಯನ್ನು ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲಿ, ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದುಕೊಳ್ಳಬೇಕು. ಹರಿಯುವ ತುಂಗಭದ್ರೆಯಲ್ಲಂತೂ ಮೇಲ್ಮುಖ ಮತ್ತು ಕೆಳಮುಖ ಓಟಗಳೆರಡೂ ಇಲ್ಲದೆ ಬಂದ ವೇಗದ ಅಂಕಿಗೆ ಅರ್ಥವಿಲ್ಲ. ದಿನನಿತ್ಯ ಹೊರುವಷ್ಟೇ ಭಾರ ಬೋಟಿನಲ್ಲಿರಬೇಕು: ಅಷ್ಟೇ ಜನ, ಅಷ್ಟೇ ಪೆಟ್ರೋಲು, ಬಲೆಯೋ ಐಸ್ ಪೆಟ್ಟಿಗೆಯೋ ಇದ್ದರೆ ಅದೂ ಸೇರಿ. ಖಾಲಿ ಬೋಟಿಗೆ ಹೊಂದಿಸಿದ ಎತ್ತರ ಆರು ಜನ ಹತ್ತಿದ ಕೂಡಲೇ ಕೆಡುತ್ತದೆ. ಚಾಲಕನೂ ಜೊತೆಗಾರನೂ ಲೈಫ್ ಜ್ಯಾಕೆಟ್ ತೊಟ್ಟಿರಬೇಕು, ಮೋಟಾರನ್ನು ನಿಲ್ಲಿಸುವ ಸುರಕ್ಷಾ ದಾರ ಚಾಲಕನ ಕೈಗೆ ಕಟ್ಟಿರಬೇಕು. ತಿರುವಿನಲ್ಲಿ ಹಿಡಿತ ತಪ್ಪಿ ಮತ್ತೆ ಒಮ್ಮೆಲೇ ಸಿಕ್ಕಿದಾಗ ಬೋಟು ಜನರನ್ನು ಹೊರಗೆಸೆಯಬಲ್ಲದು.

ಏರಿಸುವುದು, ಇಳಿಸುವುದು

ಬೋಲ್ಟಿನಿಂದ ಕೂರಿಸುವ ಮೋಟಾರುಗಳ ಬ್ರ್ಯಾಕೆಟ್ಟಿನಲ್ಲಿ ಒಂದರ ಕೆಳಗೊಂದರಂತೆ ರಂಧ್ರಗಳಿರುತ್ತವೆ. ದೊಡ್ಡ ಮೋಟಾರುಗಳಲ್ಲಿ ಅವುಗಳ ನಡುವಿನ ಅಂತರ ಸಾಮಾನ್ಯವಾಗಿ ಮುಕ್ಕಾಲು ಅಂಗುಲ. ಒಂದು ಸಲಕ್ಕೆ ಒಂದೇ ರಂಧ್ರ ಬದಲಿಸಬೇಕು, ಆ ಹೊತ್ತಿನಲ್ಲಿ ಪ್ರೊಪೆಲ್ಲರನ್ನಾಗಲಿ ಭಾರವನ್ನಾಗಲಿ ಬದಲಿಸಬಾರದು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಹೇಳಲು ಯಾರಿಗೂ ಆಗುವುದಿಲ್ಲ. ಪ್ರತಿ ಎತ್ತರಕ್ಕೂ ಆರ್‌ಪಿಎಂ, ವೇಗ, ಹೊರಡುವಾಗಿನ ಮತ್ತು ತಿರುವಿನ ನಡತೆ, ಸೂಚಕ ಧಾರೆಯ ಸ್ಥಿತಿ, ಇವುಗಳನ್ನು ಅಲ್ಲಿಯೇ ಪುಸ್ತಕದಲ್ಲಿ ಬರೆದಿಡಬೇಕು. ಮೋಟಾರನ್ನು ಕೈಯಿಂದ ಎತ್ತಲು ಹೋಗಬಾರದು. 40 ಅಶ್ವಶಕ್ತಿಯ ಮೋಟಾರು ಸುಮಾರು ನೂರು ಕಿಲೋ ತೂಗುತ್ತದೆ. ಗ್ಯಾರೇಜಿನ ಚೈನ್ ಪುಲ್ಲಿಯಿಂದ ತೂಕವನ್ನು ಹಿಡಿಸಿದ ಮೇಲೆಯೇ ಬೋಲ್ಟ್ ಸಡಿಲಿಸಬೇಕು.

ಬರೀ ಕ್ಲ್ಯಾಂಪಿನ ಹಿಡಿಯಿಂದ ಬಿಗಿಯುವ ಚಿಕ್ಕ ಮೋಟಾರುಗಳಿಗೆ ರಂಧ್ರದ ಅನುಕೂಲವಿಲ್ಲ. ಅವುಗಳನ್ನು ಏರಿಸಲು ಟ್ರಾನ್ಸಮ್ಮಿನ ಅಂಚಿನ ಮೇಲೆ ಸಾಗುವಾನಿಯ ಪಟ್ಟಿಯನ್ನು ಸ್ಕ್ರೂ ಹಾಕಿ ಭದ್ರಪಡಿಸಿ, ಅದರ ಮೇಲೆ ಮೋಟಾರನ್ನು ಕೂರಿಸಬಹುದು. ಆದರೆ ಕ್ಲ್ಯಾಂಪಿನ ಬಿಲ್ಲೆಗಳು ಪಟ್ಟಿಯನ್ನಲ್ಲ, ಟ್ರಾನ್ಸಮ್ಮನ್ನೇ ಕಚ್ಚಿರಬೇಕು, ಜೊತೆಗೆ ಸುರಕ್ಷಾ ಸರಪಳಿ ಇರಲೇಬೇಕು.

ಬಾಸ್ ಬೋಟುಗಳಲ್ಲಿ ಮೋಟಾರಿಗೂ ಟ್ರಾನ್ಸಮ್ಮಿಗೂ ನಡುವೆ ಜ್ಯಾಕ್ ಪ್ಲೇಟ್ ಎಂಬ ಚೌಕಟ್ಟನ್ನು ಹಾಕಿ ಕಾಲು ಅಂಗುಲದ ಲೆಕ್ಕದಲ್ಲಿ ಎತ್ತರವನ್ನು ತಿದ್ದುತ್ತಾರೆ. ಅದು ಮೋಟಾರನ್ನು ಹಿಂದಕ್ಕೂ ಸರಿಸುತ್ತದೆ. ಓಡುವ ಬೋಟಿನ ತಳದಿಂದ ಬಿಡುಗಡೆಯಾದ ನೀರು ಹಿಂದೆ ಹೋದಂತೆ ಮೇಲಕ್ಕೇಳುವುದರಿಂದ, ಹಿಂದಕ್ಕೆ ಸರಿಸಿದ ಪ್ರತಿ ಎಂಟು ಹತ್ತು ಅಂಗುಲಕ್ಕೆ ಮೋಟಾರನ್ನು ಸುಮಾರು ಒಂದು ಅಂಗುಲ ಏರಿಸಲು ಅವಕಾಶ ಸಿಗುತ್ತದೆ. ಅವರು ಪ್ಲೇಟಿನ ಬದಲು ಪ್ರೊಪೆಲ್ಲರ್ ಶಾಫ್ಟಿನ ನಡುಗೆರೆ ತಳಕ್ಕಿಂತ ಎಷ್ಟು ಕೆಳಗಿದೆ ಎಂದು ಅಳೆದು, ಸಾಮಾನ್ಯವಾಗಿ ಮೂರೂವರೆ ಅಂಗುಲದ ಆಸುಪಾಸಿನಿಂದ ಆರಂಭಿಸಿ ಮೇಲೇರುತ್ತಾರೆ. ಹರಿಹರದ ಲೇತ್ ಕೆಲಸಗಾರರಿಗೆ, ಮೈಸೂರು ಕಿರ್ಲೋಸ್ಕರ್ ಲೇತುಗಳು ತಯಾರಾದ ಊರಿನವರಿಗೆ, ಅಂಥ ಚೌಕಟ್ಟನ್ನು ಕಡೆದು ಕೊಡುವುದು ಕಷ್ಟದ ಕೆಲಸವೇನಲ್ಲ. ಆದರೂ 40 ಅಶ್ವಶಕ್ತಿಯ ಒಳಗಿನ ಬೋಟಿಗೆ ಅದನ್ನು ಹಾಕಿಸಬೇಡಿ ಎಂದೇ ನಾನು ಹೇಳುತ್ತೇನೆ. ಹಿಂದಕ್ಕೆ ಸರಿದ ಭಾರ ಚಿಕ್ಕ ಬೋಟಿನ ಹಿಂಭಾಗವನ್ನು ತಗ್ಗಿಸಿ, ಹಳೆಯ ಪ್ಲೈವುಡ್ ಟ್ರಾನ್ಸಮ್ಮನ್ನು ಸೀಳಬಹುದು.

ವೇಗ ಏರುತ್ತಿರುವವರೆಗೆ ಏರಿಸುತ್ತ ಹೋಗಬಹುದೇ ಎಂದು ಕೇಳುವವರಿದ್ದಾರೆ. ಮಿತಿಯನ್ನು ನಿರ್ಧರಿಸುವುದು ವೇಗವಲ್ಲ, ತಣಿಸುವ ನೀರು. ಧಾರೆ ಕ್ಷೀಣಿಸಿದ ಎತ್ತರದಿಂದ ಒಂದು ರಂಧ್ರ ಕೆಳಗಿಳಿಸಿ ಅಲ್ಲಿಯೇ ನಿಲ್ಲಿಸಬೇಕು. ನೀರಿನ ಒತ್ತಡದ ಮೀಟರ್ ಇರುವ ಮೋಟಾರಿನಲ್ಲಿ ತಯಾರಕರ ಕೈಪಿಡಿಯ ಕನಿಷ್ಠ ಅಂಕಿಗಿಂತ ಮುಳ್ಳು ಕೆಳಗಿಳಿಯಬಾರದು. ಧಾರೆ ಎಲ್ಲ ಎತ್ತರಗಳಲ್ಲೂ ಸಣ್ಣಗಿದ್ದರೆ ಮಾತ್ರ ಎತ್ತರವನ್ನು ದೂರದೆ, ತಣಿಸುವ ನೀರನ್ನು ನೂಕುವ ಪಂಪಿನ ಇಂಪೆಲ್ಲರನ್ನು ನೋಡಬೇಕು. ಹೂಳಿನ ನೀರು ರಬ್ಬರಿನ ಇಂಪೆಲ್ಲರನ್ನು ಬೇಗ ಸವೆಸುತ್ತದೆ.

ನೆರೆಯ ರಬ್ಬರ್ ಬೋಟುಗಳು

ಹೊನ್ನಾಳಿ, ಹರಿಹರಗಳಲ್ಲಿ ನದಿ ಉಕ್ಕಿದಾಗ ಬಳಸುವ ರಬ್ಬರ್ ಬೋಟುಗಳಿಗೆ ಮೇಲಿನ ಮಾತುಗಳಲ್ಲಿ ಕೆಲವು ಅನ್ವಯಿಸುವುದಿಲ್ಲ. ಅಲ್ಲಿ ಬೇಕಾಗಿರುವುದು ತುಂಬಿದ ಬೋಟನ್ನು ಸೆಳೆತಕ್ಕೆ ಎದುರಾಗಿ ನೂಕುವ ಬಲವೇ ಹೊರತು ಗರಿಷ್ಠ ವೇಗವಲ್ಲ, ಆದ್ದರಿಂದ ಪ್ಲೇಟು ತಳಕ್ಕಿಂತ ಒಂದು ಅಂಗುಲ ಕೆಳಗೇ ಇರಲಿ. ಬಿಸಿಲಿನಲ್ಲಿ ಗಾಳಿ ತುಂಬಿದ ಟ್ಯೂಬು ತಣ್ಣನೆಯ ನೀರಿಗಿಳಿದ ಮೇಲೆ ಮೆತ್ತಗಾಗಿ, ಟ್ರಾನ್ಸಮ್ ಹಿಂದಕ್ಕೆ ವಾಲಿ, ದಡದಲ್ಲಿ ಅಳೆದ ಎತ್ತರವೂ ಓರೆಯೂ ಬದಲಾಗುತ್ತವೆ. ನೀರಿಗಿಳಿಸಿದ ಬಳಿಕ ಗಾಳಿಯ ಒತ್ತಡವನ್ನು ಮತ್ತೊಮ್ಮೆ ನೋಡಿ ತುಂಬಬೇಕು. ಸೇತುವೆಯ ಕಂಬದ ಕೆಳಗಿನ ಸುಳಿಯಲ್ಲಿ ನೀರೇ ಗಾಳಿಯಿಂದ ತುಂಬಿರುವುದರಿಂದ ಅಲ್ಲಿ ಹಿಡಿತ ತಪ್ಪಿದರೆ ಅದು ಮೋಟಾರಿನ ಎತ್ತರದ ದೋಷವಲ್ಲ. ಥ್ರಾಟಲ್ ಇಳಿಸಿ ಸುಳಿ ದಾಟಬೇಕು.

ಎತ್ತರ ನಿಶ್ಚಯವಾದ ಮೇಲೆ ಬೋಲ್ಟುಗಳನ್ನು ಹೊರತೆಗೆದು, ಪ್ರತಿ ರಂಧ್ರಕ್ಕೂ ಬೋಟಿನ ಕೆಲಸಕ್ಕೆಂದೇ ಸಿಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನು ಅಗಲವಾದ ವಾಷರಿನೊಂದಿಗೆ ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದ ಬಿಗಿಯಬೇಕು. ಟ್ರಾನ್ಸಮ್ಮಿನಲ್ಲಿ ಹಳೆಯ ರಂಧ್ರಗಳೇನಾದರೂ ಉಳಿದಿದ್ದರೆ ಅವುಗಳನ್ನು ಎಪಾಕ್ಸಿಯಿಂದ ಮುಚ್ಚದೆ ಬಿಡಬಾರದು, ಅದರ ಮೂಲಕ ಇಳಿದ ನೀರು ಒಳಗಿನ ಮರವನ್ನು ಕೊಳೆಸುತ್ತದೆ. ಮೊದಲ ಕೆಲವು ಗಂಟೆಗಳ ಓಟದ ನಂತರ ಮರ ಅದುಮಿಕೊಂಡು ಬೋಲ್ಟು ಸಡಿಲವಾಗಿರುತ್ತದೆ. ಆಗ ಮತ್ತೊಮ್ಮೆ ಬಿಗಿದು, ಸ್ಟಿಯರಿಂಗ್ ಕೇಬಲ್, ಥ್ರಾಟಲ್ ಕೇಬಲ್ ಮತ್ತು ಪೆಟ್ರೋಲಿನ ಕೊಳವೆ ಹೊಸ ಎತ್ತರದಲ್ಲಿ ಎಲ್ಲಿಯೂ ಎಳೆದುಕೊಳ್ಳದೆ, ಮೋಟಾರನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗಲೂ ಸಡಿಲವಾಗಿ ಆಡುತ್ತಿವೆಯೇ ಎಂದು ಪರೀಕ್ಷಿಸಬೇಕು.